ನೆಲ ಡೊಂಕಿರಲಿಲ್ಲ

ಎಂಟನೇ ತರಗತಿಯ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಹೆಚ್ಚಿನ ಸಲಕರಣೆ ಬೇಡ. ಒಂದು ಹಲಗೆ, ಒಂದು ಮರದ ತುಂಡು, ಹಲಗೆಯ ತುದಿಗೆ ಒತ್ತು ಕೊಡಲು ಹತ್ತಾರು ಪಠ್ಯಪುಸ್ತಕ ಇದ್ದರೆ ಸಾಕು. ಪುಸ್ತಕಗಳನ್ನು ಒಂದೊಂದಾಗಿ ಪೇರಿಸುತ್ತ ಹೋದಂತೆ ಹಲಗೆ ಓರೆಯಾಗುತ್ತದೆ. ಯಾವುದೋ ಒಂದು ಪುಸ್ತಕಕ್ಕೆ ಮರದ ತುಂಡು ಸರ್ರನೆ ಜಾರುತ್ತದೆ. ಮಕ್ಕಳು ‘ಹೋ’ ಎನ್ನುತ್ತಾರೆ. ಹಲಗೆಗೆ ಎಣ್ಣೆ ಸವರಿದರೆ ಇನ್ನೂ ಬೇಗ ಜಾರುತ್ತದೆ, ಮರಳುಕಾಗದ ಅಂಟಿಸಿದರೆ ಕದಲುವುದೇ ಇಲ್ಲ. ಮೂವತ್ತು ವರ್ಷಗಳಿಂದ ಇದನ್ನು ಮಾಡಿ ತೋರಿಸುತ್ತಿದ್ದೇನೆ. ಆದರೆ ನನ್ನದೇ ಮನೆಯ ಅಡುಗೆಕೋಣೆಗೆ ನೆಲ ಆರಿಸುವ ದಿನ ಬಂದಾಗ ಆ ಹಲಗೆಯೂ ನೆನಪಾಗಲಿಲ್ಲ, ಆ ಪುಸ್ತಕಗಳೂ ನೆನಪಾಗಲಿಲ್ಲ.

ತಿಪಟೂರಿನ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1974ರಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಮುಂದಿನ ಎರಡು ಕೋಣೆಗೆ ತಾರಸಿ, ಅಡುಗೆಮನೆಗೆ ಮಂಗಳೂರು ಹೆಂಚು. ನೆಲಕ್ಕೆ ಮಾತ್ರ ಮನೆಯುದ್ದಕ್ಕೂ ರೆಡ್ ಆಕ್ಸೈಡ್. ಆಗ ನನಗೆ ಐದು ವರ್ಷ. ಗಾರೆ ಕೆಲಸದವರು ಕುಕ್ಕರುಗಾಲಿನಲ್ಲಿ ಕೂತು, ಕೆಂಪು ಬೆರೆಸಿದ ಸಿಮೆಂಟನ್ನು ಕರಣೆಯಿಂದ ತೀಡಿ ತೀಡಿ ಕನ್ನಡಿ ಮಾಡುತ್ತಿದ್ದುದು, ಆಮೇಲೆ ವಾರಗಟ್ಟಲೆ ಕೋಣೆಯಲ್ಲಿ ನೀರು ಕಟ್ಟಿ ನಿಲ್ಲಿಸಿದ್ದುದು, ನಾವು ಹುಡುಗರು ಅದರಲ್ಲಿ ಕಾಗದದ ದೋಣಿ ಬಿಟ್ಟು ಅಪ್ಪನಿಂದ ಏಟು ತಿಂದದ್ದು ಎಲ್ಲವೂ ನೆನಪಿದೆ. ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡು. ಹೊಲದ ಕೆಮ್ಮಣ್ಣಿಗೂ ಹಳೆಯ ಮೊಳೆಯ ತುಕ್ಕಿಗೂ ಬಣ್ಣ ಕೊಡುವ ಬಳಗವೇ ಅದು. ನಾನು ಬಿ.ಎಸ್ಸಿ. ಓದುವವರೆಗೆ ಅದು ನನಗೆ ಬರೀ ‘ಅಮ್ಮನ ನೆಲ’ವಾಗಿತ್ತು.

ಅಮ್ಮ ಆ ನೆಲವನ್ನು ನೋಡಿಕೊಂಡ ರೀತಿಯನ್ನು ಹೇಳಲೇಬೇಕು. ಬೆಳಿಗ್ಗೆ ಗುಡಿಸಿ ಒದ್ದೆಬಟ್ಟೆಯಲ್ಲಿ ಒರೆಸುವುದು ಸರಿಯೇ ಸರಿ. ಶನಿವಾರ ರಾತ್ರಿ ಎಲ್ಲರ ಊಟವಾದ ಮೇಲೆ ಹಳೆಯ ಪಂಚೆಯ ತುಂಡಿಗೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿ ನೆಲವನ್ನೆಲ್ಲ ಉಜ್ಜುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಸಿಮೆಂಟಿನ ಸಣ್ಣ ರಂಧ್ರಗಳು ಆ ಎಣ್ಣೆಯನ್ನು ಹೀರಿಕೊಂಡು, ಮೇಲೆ ಜಿಡ್ಡಿಲ್ಲದ ಹೊಳಪು ಉಳಿಯುತ್ತಿತ್ತು. ಒರಳಿನ ಪಕ್ಕದಲ್ಲಿ, ಅವಳು ದಿನವೂ ಕೂತು ರುಬ್ಬುತ್ತಿದ್ದ ಕಡೆ, ನೆಲ ಸವೆದು ಒಂದು ಸಣ್ಣ ತಗ್ಗೇ ಆಗಿತ್ತು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೆನ್ನೆಯಿಟ್ಟು ಮಲಗಿದರೆ ಫ್ಯಾನು ಬೇಡವಾಗಿತ್ತು.

ಮೂವತ್ತೈದು ವರ್ಷ ಕಳೆದ ಮೇಲೆ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತು. ಬಿರುಕಿನಿಂದ ಇರುವೆಗಳು ಸಾಲುಗಟ್ಟಿ ಸಕ್ಕರೆ ಡಬ್ಬಿಗೆ ಯಾತ್ರೆ ಹೊರಟವು. ಅಪ್ಪ ಆಗಲೇ ಇರಲಿಲ್ಲ. 2010ರಲ್ಲಿ ಹೆಂಚು ಇಳಿಸಿ ಅಡುಗೆಮನೆಗೂ ತಾರಸಿ ಹಾಕಿಸಿದೆವು. ಜತೆಗೆ ನೆಲಕ್ಕೆ ಟೈಲ್ಸ್ ಆಗಲೇಬೇಕೆಂದು ಮನೆಮಂದಿಯೆಲ್ಲ ತೀರ್ಮಾನಿಸಿದರು. ತಮಾಷೆಯೆಂದರೆ ಇಂಗ್ಲಿಷಿನಲ್ಲಿ ಎರಡಕ್ಕೂ ಹೆಸರು ಒಂದೇ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಶುರುಮಾಡಿದ ಕಾರ್ಖಾನೆಯ ಹೆಂಚೂ ಟೈಲು, ಇಂದು ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ನುಣುಪು ಬಿಲ್ಲೆಯೂ ಟೈಲು. ತಲೆಯ ಮೇಲಿದ್ದದ್ದು ಕಾಲ ಕೆಳಗೆ ಬಂತು, ಅಷ್ಟೆ.

ತುಮಕೂರಿನ ಒಂದು ದೊಡ್ಡ ಅಂಗಡಿಗೆ ಸಂಸಾರಸಮೇತ ಹೋದೆವು. ಎದೆಮಟ್ಟದ ದೀಪಗಳ ಕೆಳಗೆ ಟೈಲುಗಳು ಮದುವೆ ಮನೆಯ ಹೆಣ್ಣುಮಕ್ಕಳಂತೆ ಸಾಲಾಗಿ ನಿಂತಿದ್ದವು. ಸೇಲ್ಸ್‌ನ ಹುಡುಗ ಎರಡಡಿ ಚೌಕದ ಒಂದು ಬಿಳಿ ಟೈಲಿನ ಮೇಲೆ ತನ್ನ ಲೋಟದ ಟೀ ಸುರಿದು, ಬಟ್ಟೆಯಲ್ಲಿ ಒರೆಸಿ, ‘ನೋಡಿ ಸಾರ್, ಕಲೆಯ ಮಾತೇ ಇಲ್ಲ. ಕನ್ನಡಿ!’ ಎಂದ. ನಾನು ಮೇಷ್ಟ್ರಲ್ಲವೆ? ಕೂಡಲೇ ಪಾಠ ಶುರುಮಾಡಿದೆ. ‘ಇದು ವಿಟ್ರಿಫೈಡ್. ಜೇಡಿ, ಫೆಲ್ಡ್‌ಸ್ಪಾರ್, ಬೆಣಚು ಇವನ್ನು ಸುಮಾರು 1200 ಡಿಗ್ರಿಯಲ್ಲಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ತನ್ನ ತೂಕದ ನೂರಕ್ಕೆ ಅರ್ಧ ಭಾಗದಷ್ಟೂ ನೀರು ಹೀರುವುದಿಲ್ಲ. ಗೋಡೆಗೆ ಹಾಕುವ ಟೈಲಾದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹೀರುತ್ತದೆ’ ಎಂದೆ. ಹುಡುಗ ಬೆರಗಾಗಿ ನೋಡಿದ. ನನ್ನ ಮಗ ಹೆಮ್ಮೆಪಟ್ಟ. ಅಮ್ಮ ಮಾತ್ರ ಟೈಲಿನ ಮೇಲೆ ಬಗ್ಗಿ, ‘ನೆಲದಾಗೆ ಮುಖ ನೋಡ್ಕೊಳ್ಳೋಕೆ ನಾನೇನು ಮದುವೆ ಹೆಣ್ಣೇನೋ? ಕಾಲು ನಿಲ್ತದೇನೋ ಇದರ ಮೇಲೆ?’ ಎಂದಳು.

ನಾನು ಚಪ್ಪಲಿ ಬಿಟ್ಟು ಟೈಲಿನ ಮೇಲೆ ನಿಂತು, ಕಾಲು ಉಜ್ಜಿ ತೋರಿಸಿದೆ. ಜಾರಲಿಲ್ಲ. ಜಾರುವುದಾದರೂ ಹೇಗೆ? ಒಣಗಿದ ಟೈಲು ಎಷ್ಟೇ ನುಣುಪಾಗಿದ್ದರೂ ಒಣಗಿದ ಅಂಗಾಲನ್ನು ಚೆನ್ನಾಗಿಯೇ ಹಿಡಿಯುತ್ತದೆ. ಅದರ ಮೇಲೆ ನೀರಿನ ತೆಳುವಾದ ಪದರ ನಿಂತಾಗಲೇ ಕಾಲಿಗೂ ನೆಲಕ್ಕೂ ಸಂಬಂಧ ಕಡಿದುಹೋಗುವುದು. ಒರಟು ನೆಲದಲ್ಲಾದರೆ ಆ ನೀರು ತಗ್ಗುಗಳಿಗೆ ಸರಿದು, ಉಬ್ಬುಗಳು ಪಾದವನ್ನು ಮುಟ್ಟುತ್ತವೆ. ನುಣುಪು ನೆಲದಲ್ಲಿ ನೀರಿಗೆ ಹೋಗಲು ಜಾಗವೇ ಇಲ್ಲ. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೆ ಅಂಗಡಿಯ ನೆಲ ಯಾವಾಗಲೂ ಒಣಗಿರುತ್ತದೆ, ಅಡುಗೆಮನೆಯ ನೆಲ ಒಣಗುವುದೇ ರಾತ್ರಿ ಹತ್ತರ ಮೇಲೆ ಎಂಬುದನ್ನು ಯೋಚಿಸಬೇಕಾದವನು ನಾನು. ಯೋಚಿಸಲಿಲ್ಲ. ‘ನಿನಗೆ ಗೊತ್ತಾಗಲ್ಲ ಸುಮ್ನಿರಮ್ಮ’ ಎಂದೆ. ಅಮ್ಮ ಸುಮ್ಮನಾದಳು.

ಹಳೆಯ ನೆಲದ ಮೇಲೆಯೇ ಟೈಲ್ಸ್ ಹಾಕಿದರು. ನೆಲ ಎರಡಂಗುಲ ಮೇಲೆ ಬಂದು ಹೊಸ್ತಿಲು ಅರ್ಧ ಮುಳುಗಿತು. ಒಂದು ಟೈಲಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಿದ್ದನ್ನು ಕಂಡು ನಾವೆಲ್ಲ ಕೆಲಸಗಾರರನ್ನು ಹೊಗಳಿದೆವು. ಗೃಹಪ್ರವೇಶವೇನೋ ಎಂಬಂತೆ ನೆಂಟರು ಬಂದು ಅಡುಗೆಮನೆ ನೋಡಿಹೋದರು.

2012ರ ಗೌರಿ ಹಬ್ಬದ ಹಿಂದಿನ ಸಂಜೆ. ಕಡುಬಿಗೆಂದು ಅಕ್ಕಿಹಿಟ್ಟು ಬೇಯಿಸಿ ನಾದುತ್ತಿದ್ದರು. ಎಣ್ಣೆಗೈಯಿಂದ ಎಲ್ಲೋ ಒಂದೆರಡು ಹನಿ ಬಿದ್ದಿತ್ತು, ತೊಳೆದ ಪಾತ್ರೆಯಿಂದ ನೀರು ತೊಟ್ಟಿಕ್ಕಿತ್ತು. ಬಿಳಿಯ ನೆಲದ ಮೇಲೆ ಎರಡೂ ಕಾಣುತ್ತಿರಲಿಲ್ಲ. ನಾನು ನಡುಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೊದಲು ಪಾತ್ರೆ ಉರುಳಿದ ಸದ್ದು, ಆಮೇಲೆ ನನ್ನಾಕೆಯ ಕೂಗು. ಅಮ್ಮನ ಸದ್ದೇ ಇರಲಿಲ್ಲ. ಎಪ್ಪತ್ತೊಂದು ವರ್ಷದ ಅಮ್ಮ ಒಂದು ಕಾಲು ಮಡಿಸಿಕೊಂಡು ಗೋಡೆಗೆ ಒರಗಿ ಬಿದ್ದಿದ್ದಳು. ತೊಡೆಯ ಮೂಳೆ ಸೊಂಟಕ್ಕೆ ಸೇರುವಲ್ಲಿ ಮುರಿದಿತ್ತು. ಆಪರೇಷನ್ ಆಯಿತು, ವಾಕರ್ ಬಂತು, ಮೂರು ತಿಂಗಳಿಗೆ ಗೋಡೆ ಹಿಡಿದು ನಡೆದಳು. ಆದರೆ ಅಡುಗೆಮನೆಯೊಳಗೆ ಒಬ್ಬಳೇ ಕಾಲಿಡುವ ಧೈರ್ಯ ಅವಳಿಗೆ ಮತ್ತೆ ಬರಲಿಲ್ಲ. ಹೊಸ್ತಿಲ ಈಚೆ ಒಂದು ಕುರ್ಚಿ ಹಾಕಿಕೊಂಡು, ಒಳಗೆ ನೋಡುತ್ತ, ಸೊಸೆಗೆ ‘ಒಗ್ಗರಣೆ ಸೀದೀತು’ ಎನ್ನುತ್ತ ಆರು ವರ್ಷ ಕಳೆದಳು.

ನೋಡಲು ಬಂದವರು ಸಹಜವಾಗಿ ‘ಈ ಟೈಲ್ಸೇ ಹಿಂಗೆ, ಬಲು ಜಾರ್ತವೆ’ ಎನ್ನುತ್ತಿದ್ದರು. ನಾನು ಅಲ್ಲಿಯೇ ಇರುತ್ತಿದ್ದೆ. ಅಮ್ಮ ನಗುತ್ತ, ‘ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ. ನೆಲ ಚೆನ್ನಾಗೇ ಐತೆ, ನನ್ನ ಮಗ ಆರಿಸಿ ತಂದದ್ದು. ವಯಸ್ಸಾದ ಕಾಲು ನಂದು’ ಎನ್ನುತ್ತಿದ್ದಳು. ನಿಜ, ನೆಲ ಡೊಂಕಿರಲಿಲ್ಲ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ ನಿಲ್ಲುತ್ತಿತ್ತು. ಆ ಗಾದೆಯನ್ನು ಅವಳು ಹೇಳಿದಾಗಲೆಲ್ಲ ನಾನು ಏನಾದರೂ ನೆಪ ತೆಗೆದು ಹಿತ್ತಿಲಿಗೆ ಹೋಗುತ್ತಿದ್ದೆ. ತಪ್ಪು ನನ್ನದು ಎಂದು ಅವಳ ಮುಂದೆ ಒಮ್ಮೆಯೂ ಹೇಳಲಾಗಲಿಲ್ಲ. 2018ರಲ್ಲಿ ಅಮ್ಮ ಹೋದಳು.

ನೆಲವನ್ನು ಆಗಲೇ ಏಕೆ ಬದಲಾಯಿಸಲಿಲ್ಲ ಎಂದು ನೀವು ಕೇಳಬಹುದು. ಮಗನ ಓದಿನ ಖರ್ಚಿತ್ತು, ಆಸ್ಪತ್ರೆಯ ಸಾಲವಿತ್ತು ಎಂಬುದು ಹೇಳಿಕೊಳ್ಳುವ ಕಾರಣ. ಬದಲಾಯಿಸಿದರೆ ತಪ್ಪನ್ನು ಒಪ್ಪಿಕೊಂಡಂತಾಗುತ್ತಿತ್ತು ಎಂಬುದು ಹೇಳಿಕೊಳ್ಳದ ಕಾರಣ. ಕೊನೆಗೆ ನೆಲವೇ ತೀರ್ಮಾನ ಮಾಡಿತು. 2023ರ ಏಪ್ರಿಲ್ಲಿನ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಪಟಾಕಿ ಹೊಡೆದಂಥ ಸದ್ದಾಯಿತು. ಓಡಿಹೋಗಿ ನೋಡಿದರೆ ನಡುವಿನ ಎರಡು ಟೈಲುಗಳು ಒಂದಕ್ಕೊಂದು ತಲೆಕೊಟ್ಟು ಗುಡಾರದಂತೆ ಎದ್ದು ನಿಂತಿದ್ದವು. ಬಿಸಿಗೆ ವಸ್ತು ಹಿಗ್ಗುತ್ತದೆ, ಅದಕ್ಕೇ ರೈಲು ಕಂಬಿಗಳ ನಡುವೆ ಸಂದು ಬಿಡುತ್ತಿದ್ದರು ಎಂದು ಏಳನೇ ತರಗತಿಯಲ್ಲೇ ಹೇಳಿಕೊಡುತ್ತೇವೆ. ಸಂದಿಲ್ಲದ್ದನ್ನು ಹೊಗಳಿದವನಿಗೆ ಹದಿಮೂರು ವರ್ಷದ ಮೇಲೆ ಉತ್ತರ ಬಂತು.

ಈ ಸಲ ಬಂದ ಮೇಸ್ತ್ರಿ ವಯಸ್ಸಾದವರು. ಒಂದು ರೂಪಾಯಿ ನಾಣ್ಯ ಹಿಡಿದು ನೆಲದುದ್ದಕ್ಕೂ ತಟ್ಟುತ್ತ ಹೋದರು. ಅಲ್ಲಲ್ಲಿ ‘ಟಣ್’ ಎನ್ನುವ ಬದಲು ‘ಡಬ್’ ಎಂದಿತು. ‘ಕೆಳಗೆಲ್ಲ ಟೊಳ್ಳು ಮೇಷ್ಟ್ರೇ. ಈ ಟೈಲಿಗೆ ಬರೀ ಸಿಮೆಂಟು ಹಿಡಿಯಲ್ಲ’ ಎಂದರು. ಅದೂ ಸರಿಯೇ. ಸಾಧಾರಣ ಸೆರಾಮಿಕ್ ಟೈಲಿನ ಬೆನ್ನಿನಲ್ಲಿ ರಂಧ್ರಗಳಿರುತ್ತವೆ, ಸಿಮೆಂಟು ಅದರೊಳಗೆ ಬೇರು ಬಿಡುತ್ತದೆ. ಆ ಟೈಲನ್ನು ಮೊದಲು ನೀರಿನಲ್ಲಿ ನೆನೆಸುವುದು ಅದಕ್ಕೇ. ಇಲ್ಲವಾದರೆ ಸಿಮೆಂಟು ಗಟ್ಟಿಯಾಗಲು ಬೇಕಾದ ನೀರನ್ನು ಟೈಲೇ ಕುಡಿದುಬಿಡುತ್ತದೆ. ವಿಟ್ರಿಫೈಡ್‌ಗೆ ರಂಧ್ರವೇ ಇಲ್ಲ, ನೆನೆಸಿ ಫಲವಿಲ್ಲ. ಅದಕ್ಕೆಂದೇ ಚೀಲದಲ್ಲಿ ಬರುವ ಅಂಟುಗಾರೆ ಬೇಕು. ಅದನ್ನೂ ಬೆನ್ನು ಪೂರ್ತಿ ಹಲ್ಲುಕರಣೆಯಿಂದ ಬಳಿಯಬೇಕೇ ಹೊರತು ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಡಬಾರದು. ನೀರು ಹೀರದ ಗುಣವನ್ನು ಅಂಗಡಿಯಲ್ಲಿ ಹೊಗಳಿದ್ದ ನನಗೆ ಅದರ ಈ ಇನ್ನೊಂದು ಮುಖ ಹೊಳೆದಿರಲಿಲ್ಲ. ಮೇಷ್ಟ್ರಿಗೂ ಮೇಸ್ತ್ರಿಗೂ ಅಕ್ಷರದಲ್ಲಿ ವ್ಯತ್ಯಾಸ ಬಹಳವಿಲ್ಲ. ವಿಜ್ಞಾನ ಮಾತ್ರ ಅವರ ಕೈಯಲ್ಲಿತ್ತು, ನನ್ನ ಬಾಯಲ್ಲಿತ್ತು.

ಟೈಲುಗಳನ್ನು ಕಿತ್ತಾಗ ಕೆಳಗೆ ಅಮ್ಮನ ನೆಲ ಕಂಡಿತು. ಹಿಂದಿನವರು ಗಾರೆ ಹಿಡಿಯಲೆಂದು ಅದಕ್ಕೆ ಉಳಿಯಿಂದ ಕಚ್ಚು ಹೊಡೆದಿದ್ದರು. ಸಿಡುಬು ಬಂದು ಹೋದ ಮುಖದಂತಿತ್ತು. ಒರಳಿನ ಪಕ್ಕದ ತಗ್ಗು ಹಾಗೆಯೇ ಇತ್ತು. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಮೊಳದಷ್ಟು ಜಾಗಕ್ಕೆ ಉಳಿ ಬಿದ್ದಿರಲಿಲ್ಲ. ನನ್ನಾಕೆ ಒದ್ದೆಬಟ್ಟೆಯಿಂದ ಒರೆಸಿದಳು. ಕೆಂಪಗೆ ಹೊಳೆಯಿತು. ‘ರೀ, ಇದೊಂದಿಷ್ಟನ್ನ ಹಾಗೇ ಬಿಡೋಣ’ ಎಂದಳು. ಮೇಸ್ತ್ರಿ ಮರುಮಾತಾಡದೆ ಅಷ್ಟು ಜಾಗಕ್ಕೆ ಸುತ್ತ ದಾರ ಕಟ್ಟಿದರು. ಈಗ ಅಲ್ಲಿ ಅಕ್ಕಿಯ ಡಬ್ಬವಿದೆ. ಯಾರೂ ಕಾಲಿಡುವ ಜಾಗವಲ್ಲದ್ದರಿಂದ ಎಡವುವ ಭಯವಿಲ್ಲ.

ಎರಡನೆಯ ಸಲ ಅಂಗಡಿಗೆ ಹೋದಾಗ ನಾನು ಪಾಠ ಮಾಡಲಿಲ್ಲ, ಪ್ರಶ್ನೆ ಕೇಳಿದೆ. ಜಾರುವ ಗುಣವನ್ನು ಅಳೆಯಲು ಜರ್ಮನಿಯ ಒಂದು ಪರೀಕ್ಷೆಯಿದೆ. ಎಣ್ಣೆ ಹಚ್ಚಿದ ಇಳಿಜಾರಿನ ಮೇಲೆ ಬೂಟು ತೊಟ್ಟವನೊಬ್ಬ ನಡೆಯುತ್ತಾನೆ, ಕಾಲು ಜಾರುವವರೆಗೆ ಓರೆಯನ್ನು ಹೆಚ್ಚಿಸುತ್ತ ಹೋಗುತ್ತಾರೆ. 6ರಿಂದ 10 ಡಿಗ್ರಿಯಲ್ಲಿ ಜಾರಿದರೆ ಆರ್-9, 10ರಿಂದ 19ಕ್ಕೆ ಆರ್-10, 19ರಿಂದ 27ಕ್ಕೆ ಆರ್-11; ಹೀಗೆ ಆರ್-13ರವರೆಗೆ. ಇದನ್ನು ಓದಿದಾಗ ನನಗೆ ಹೇಗಾಗಿರಬೇಡ! ನಾನು ಮೂವತ್ತು ವರ್ಷದಿಂದ ಪುಸ್ತಕ ಪೇರಿಸಿ ಮಾಡುತ್ತಿದ್ದ ಪ್ರಯೋಗವೇ ಅದು. ನಮ್ಮ ಮನೆಗಳಲ್ಲಿ ನಡೆಯುವುದು ಬರಿಗಾಲಲ್ಲಿ ತಾನೇ? ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆಗಳಿವೆ. ಪೆಟ್ಟಿಗೆಯ ಮೇಲೋ ಕಂಪನಿಯ ಪಟ್ಟಿಯಲ್ಲೋ ಇವು ಇರುತ್ತವೆ. ಕೇಳಿದರೆ ತೋರಿಸುತ್ತಾರೆ, ಕೇಳದಿದ್ದರೆ ಟೀ ಸುರಿದು ತೋರಿಸುತ್ತಾರೆ.

ನಾಲ್ಕು ಬಗೆಯ ಒಂದೊಂದು ಟೈಲನ್ನು ಮನೆಗೆ ತಂದೆ. ಸೋಪಿನ ನೀರು ಚಿಮುಕಿಸಿ, ರಬ್ಬರ್ ಚಪ್ಪಲಿಯ ತುಂಡಿನ ಮೇಲೆ ಒಂದು ಕಲ್ಲಿಟ್ಟು, ಕೆಳಗೆ ಪುಸ್ತಕ ಪೇರಿಸಿದೆ. ಹೊಳೆಯುವ ಟೈಲಿನ ಮೇಲೆ ಮೂರನೆಯ ಪುಸ್ತಕಕ್ಕೇ ಜಾರಿತು. ಮಂಕು ಮೈಯ ಟೈಲಿನ ಮೇಲೆ ಎಂಟಾದರೂ ಕೂತೇ ಇತ್ತು. ಇನ್ನೊಂದು ಬಹಳ ಒರಟಾದದ್ದು ಹತ್ತಕ್ಕೂ ಜಾರಲಿಲ್ಲ. ಅದನ್ನೇ ತರೋಣವೆಂದೆ. ನನ್ನಾಕೆ ಅದರ ಮೇಲೆ ಬೇಳೆಸಾರು ಚೆಲ್ಲಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಟ್ಟೆ ನನ್ನ ಕೈಗೆ ಕೊಟ್ಟಳು. ಒರೆಸಿದೆ, ಉಜ್ಜಿದೆ, ಸೋತೆ. ಒರಟು ಹೆಚ್ಚಾದಷ್ಟೂ ಕೊಳೆಗೆ ಮನೆ. ಕೊನೆಗೆ ಆರಿಸಿದ್ದು ನಡುವಿನದು, ಮಂಕು ಮೈಯ ಆರ್-10ರ ಟೈಲು. ಎರಡಡಿಯ ಬದಲು ಒಂದಡಿ ಚೌಕ. ಸಂದುಗಳು ಹೆಚ್ಚಾದರೆ ಕಾಲಿಗೆ ಹಿಡಿತವೂ ಹೆಚ್ಚು, ನೀರು ಹರಿಯಲು ವಾಟ ಕೊಡುವುದೂ ಸುಲಭ. ಸಂದು ಮೂರು ಮಿಲಿಮೀಟರ್, ಗೋಡೆಯ ಬುಡದಲ್ಲಿ ಇನ್ನೂ ಸ್ವಲ್ಪ ಜಾಸ್ತಿ, ಅದು ಸ್ಕರ್ಟಿಂಗ್‌ನ ಮರೆಯಲ್ಲಿ. ಸಂದು ತುಂಬಲು ಒಲೆ, ಸಿಂಕುಗಳ ಬಳಿ ಎಪಾಕ್ಸಿ, ಉಳಿದ ಕಡೆ ಸಿಮೆಂಟಿನದು. ಎಪಾಕ್ಸಿಗೆ ಬೆಲೆ ಹೆಚ್ಚು, ಆದರೆ ಎಣ್ಣೆಯನ್ನೂ ಅರಿಶಿನವನ್ನೂ ಅಷ್ಟು ಸುಲಭವಾಗಿ ಹೀರುವುದಿಲ್ಲ. ಬಣ್ಣ ಬಿಳಿಯಲ್ಲ, ಕೆಮ್ಮಣ್ಣಿಗೆ ಹತ್ತಿರದ್ದು. ನೀರಿನ ಹನಿ ಬಿದ್ದರೆ ಕಪ್ಪಗೆ ಕಾಣುತ್ತದೆ. ಕಾಣುವುದೇ ಮುಖ್ಯ.

ಇನ್ನು ಆರೈಕೆಯ ಮಾತು. ಒರೆಸುವ ಮೊದಲು ಗುಡಿಸಲೇಬೇಕು. ಕಾಲಿನ ಜತೆ ಬರುವ ಮರಳೆಂದರೆ ಬೆಣಚು. ಗಡಸುತನದ ಅಳತೆಯಲ್ಲಿ ಏಳು. ಅದನ್ನು ಒದ್ದೆಬಟ್ಟೆಯ ಕೆಳಗೆ ಎಳೆದಾಡಿದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಸೋಪು ಸ್ವಲ್ಪವೇ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಶುಭ್ರ ಎಂಬುದು ಭ್ರಮೆ. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಅಂಟುಗಸಿಯಾಗಿ ನೆಲಕ್ಕೆ ಪದರ ಕಟ್ಟುತ್ತದೆ. ಒರಟು ಟೈಲೂ ಆಗ ಜಾರುತ್ತದೆ. ಆದ್ದರಿಂದ ಎರಡನೆಯ ಸಲ ಬರೀ ನೀರಿನಲ್ಲಿ, ಮೂರನೆಯ ಸಲ ಒಣಬಟ್ಟೆಯಲ್ಲಿ. ನೆಲದ ಮೇಲೇ ನೀರು ಆರಿದರೆ ಅದರಲ್ಲಿದ್ದ ಸುಣ್ಣದ ಅಂಶ ಬಿಳಿ ಕಲೆಯಾಗಿ ಉಳಿಯುತ್ತದೆ. ಎಣ್ಣೆ ಚೆಲ್ಲಿದರೆ ತಕ್ಷಣ ನೀರು ಹಾಕಬೇಡಿ; ಎಣ್ಣೆ ತೇಲಿ ಊರೆಲ್ಲ ಸುತ್ತುತ್ತದೆ. ಒಂದು ಹಿಡಿ ಹಿಟ್ಟೋ ಬೂದಿಯೋ ಉದುರಿಸಿ, ಹೀರಿದ ಮೇಲೆ ಬಳಿದು ತೆಗೆದು, ಆಮೇಲೆ ಬಿಸಿನೀರು, ಸೋಪು.

ಅರಿಶಿನದ ಕಲೆಗೆ ಸೋಪು ಹಾಕಿ ಅದು ರಕ್ತದಂತೆ ಕೆಂಪಾದಾಗ ಗಾಬರಿಯಾಗಬೇಡಿ. ಕ್ಷಾರಕ್ಕೆ ಅರಿಶಿನ ಕೆಂಪಾಗುವುದನ್ನು ನಾವು ಶಾಲೆಯಲ್ಲಿ ಪ್ರಯೋಗವಾಗಿಯೇ ಮಾಡಿಸುತ್ತೇವೆ. ಬಿಸಿಲು ಬೀಳುವ ಜಾಗವಾದರೆ ಉಳಿದ ಕಲೆ ದಿನ ಕಳೆದಂತೆ ತಾನೇ ಮಾಸುತ್ತದೆ. ಆದರೆ ಆ್ಯಸಿಡ್ ಮಾತ್ರ ಬೇಡ. ಟೈಲಿನ ಮೇಲ್ಮೈಗೆ ಅದರಿಂದ ಹೆಚ್ಚೇನೂ ಆಗದಿರಬಹುದು, ಸಂದಿನ ಸಿಮೆಂಟು ಬುರಬುರನೆ ನೊರೆಯೆದ್ದು ಕರಗುತ್ತದೆ, ಆಮೇಲೆ ನೀರು ಒಳಗಿಳಿಯುತ್ತದೆ. ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಬಳಸುವುದಂತೂ ಕೂಡದು. ಹೊರಬರುವುದು ಕ್ಲೋರಿನ್, ವಿಷದ ಗಾಳಿ. ಮುಚ್ಚಿದ ಅಡುಗೆಮನೆಯಲ್ಲಿ ಪ್ರಾಣಕ್ಕೇ ಅಪಾಯ. ಗ್ಯಾಸ್ ಸಿಲಿಂಡರಿನ ಬುಡದ ತುಕ್ಕು ನೆಲದ ಮೇಲೆ ಕೆಂಪು ಬಳೆ ಬರೆಯುತ್ತದೆ. ನಮ್ಮ ಹಳೆಯ ಬಿಳಿ ಟೈಲಿನ ಮೇಲೂ ಬರೆದಿತ್ತು. ಅಪ್ಪ ದುಡ್ಡು ಕೊಟ್ಟು ನೆಲವಿಡೀ ಹಾಕಿಸಿದ್ದ ಕೆಂಪನ್ನೇ ನಾವು ನಿಂಬೆಹೋಳು ಹಿಡಿದು ಉಜ್ಜುತ್ತ ಕೂತಿದ್ದೆವು. ಈಗ ಚಕ್ರದ ಸ್ಟ್ಯಾಂಡು ತಂದಿದ್ದೇನೆ.

ನನ್ನಾಕೆಗೂ ಈಗ ಮಂಡಿನೋವು. ಅವಳು ಸಿಂಕಿನಿಂದ ಒಲೆಗೆ ಒದ್ದೆ ಕಾಲಲ್ಲಿ ತಿರುಗುವಾಗ ನನ್ನ ಕಣ್ಣು ತಾನಾಗಿ ಅವಳ ಪಾದದ ಕಡೆ ಹೋಗುತ್ತದೆ. ಇದುವರೆಗೆ ನೆಲ ಕೈಕೊಟ್ಟಿಲ್ಲ. ಶನಿವಾರ ರಾತ್ರಿ ಒಮ್ಮೊಮ್ಮೆ ಅಕ್ಕಿಯ ಡಬ್ಬ ಸರಿಸಿ, ಆ ಒಂದು ಮೊಳ ಜಾಗಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿದ ಬಟ್ಟೆಯಾಡಿಸುತ್ತೇನೆ.

ಘರ್ಷಣೆಯ ಪಾಠಕ್ಕೆ ಈಗ ಹಲಗೆಯ ಜತೆ ಎರಡು ಟೈಲುಗಳನ್ನೂ ಒಯ್ಯುತ್ತೇನೆ. ಒಂದು ಹಳೆಯದು, ಒಂದು ಹೊಸದು. ಹಳೆಯದರ ಮೇಲೆ ಕಲ್ಲು ಸರ್ರನೆ ಜಾರುತ್ತದೆ, ಮಕ್ಕಳು ಎಂದಿನಂತೆ ‘ಹೋ’ ಎನ್ನುತ್ತಾರೆ. ಕಳೆದ ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸಾರ್, ಇದು ಇಷ್ಟೊಂದು ಜಾರುತ್ತಲ್ಲ, ಇದನ್ನ ಮನೆಗೆ ಯಾರು ಆರಿಸ್ತಾರೆ ಸಾರ್?’ ಎಂದು ಕೇಳಿದಳು.

‘ಒಬ್ಬ ವಿಜ್ಞಾನದ ಮೇಷ್ಟ್ರು’ ಎಂದೆ.

ತರಗತಿ ಗೊಳ್ಳೆಂದಿತು. ತಮಾಷೆಯಲ್ಲ ಮಕ್ಕಳೇ, ಎಂದು ಅಮ್ಮನ ವಿಷಯ ಹೇಳಿದೆ. ಅವಳ ಮುಂದೆ ಹೇಳಬೇಕಾಗಿದ್ದ ಮಾತನ್ನು ನಲವತ್ತು ಮಕ್ಕಳ ಮುಂದೆ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು.